ಅಪ್‌ಡೇಟ್ ರಾಯರು

ವಸಂತಪುರದ ಯಾವ ಅಡ್ಡರಸ್ತೆಗೆ ಹೋದರೂ ಒಬ್ಬ ಅಪ್‌ಡೇಟ್ ರಾಯರು ಸಿಗುತ್ತಾರೆ. ನಿವೃತ್ತರು. ಮಗ ಹೊರದೇಶದಲ್ಲಿ. ಅವನು ಬಿಟ್ಟುಹೋದ ಹಳೇ ಕಂಪ್ಯೂಟರು ಕಸೂತಿ ಬಟ್ಟೆ ಹೊದ್ದುಕೊಂಡು ಮನೆಯ ಮೂಲೆಯಲ್ಲಿ. ಬಾಗಿಲಿಗೆ ಬೀಗ ಹಾಕಿ, ಮೂರು ಸಲ ಜಗ್ಗಿ, ಗೇಟಿನ ತನಕ ಹೋಗಿ, ಮತ್ತೆ ಬಂದು ಇನ್ನೊಮ್ಮೆ ಜಗ್ಗುವವರು ಇವರೇ. ವಸಂತ ವಲ್ಲಭರಾಯನ ಗುಡಿಯಲ್ಲಿ ಮಂಗಳಾರತಿ ತೆಗೆದುಕೊಳ್ಳುವಾಗಲೂ ಒಂದು ಕಣ್ಣು ಹೊರಗೆ ಬಿಟ್ಟ ಚಪ್ಪಲಿಯ ಮೇಲೆ. ಇಂಥವರ ಕೈಗೆ ಆಂಟಿವೈರಸ್ ಸಿಕ್ಕಿತು.

ವೈರಸ್ಸಿನ ಪೂರ್ವೋತ್ತರವೆಲ್ಲ ರಾಯರಿಗೆ ಬಾಯಿಪಾಠ. 1986ರಲ್ಲಿ ಲಾಹೋರಿನ ಅಣ್ಣತಮ್ಮಂದಿರು ಬರೆದ ‘ಬ್ರೇನ್’ ಫ್ಲಾಪಿಯಿಂದ ಫ್ಲಾಪಿಗೆ ಹಾರಿದ್ದು, 2000ದ ಮೇ ತಿಂಗಳಲ್ಲಿ ಮನಿಲಾದಿಂದ ಹೊರಟ ‘ಐ ಲವ್ ಯೂ’ ಊರೂರಿನ ಆಫೀಸುಗಳನ್ನು ಮಲಗಿಸಿದ್ದು, ಎಲ್ಲವನ್ನೂ ಕಾಫಿ ಆರುವ ತನಕ ಹೇಳುತ್ತಾರೆ. “ಪ್ರೇಮಪತ್ರ ಅಂತ ತೆರೆದ್ರು, ಕೆಟ್ರು!” ಎಂದು ಕಣ್ಣರಳಿಸಿದರೆ, ಒಳಗಿನಿಂದ ಅವರ ಮನೆಯವರು, “ನೀವು ಹೆದರಬೇಡಿ, ನಿಮಗೆ ಯಾರೂ ಕಳಿಸಲ್ಲ” ಎನ್ನುತ್ತಾರೆ.

ಹೊಸ ವೈರಸ್ ದಿನಾ ಹುಟ್ಟುತ್ತದೆ, ಆದ್ದರಿಂದ ಅದರ ಗುರುತಿನ ಪಟ್ಟಿಯೂ ಹೊಸದಿರಬೇಕು ಎಂಬುದು ರಾಯರ ಸಿದ್ಧಾಂತ. ಇಲ್ಲಿಯ ತನಕ ಸರಿಯೇ. ವಿಂಡೋಸಿನ ಜೊತೆಗೇ ಬರುವ ಡಿಫೆಂಡರಿಗೆ ದಿನಕ್ಕೆ ಹಲವು ಸಲ ಹೊಸ ಪಟ್ಟಿ ಬಿಡುಗಡೆಯಾಗುತ್ತದೆ, ಅದು ತಾನಾಗಿಯೇ ತರಿಸಿಕೊಳ್ಳುತ್ತದೆ. ಆದರೆ ತಾನಾಗಿ ಆಗುವ ಯಾವ ಕೆಲಸದ ಮೇಲೂ ರಾಯರಿಗೆ ನಂಬಿಕೆ ಇಲ್ಲ. ಟಾಸ್ಕ್ ಶೆಡ್ಯೂಲರ್ ಕಲಿತು, ಐದು ನಿಮಿಷಕ್ಕೊಮ್ಮೆ ‘ಹೊಸ ಪಟ್ಟಿ ಬಂತಾ?’ ಎಂದು ಕೇಳುವ ಏರ್ಪಾಟು ಮಾಡಿದರು. ಪಟ್ಟಿ ಬಂದಾಗಲೆಲ್ಲ ತಾವೇ ಒಂದು ಸ್ಕ್ಯಾನ್ ಒತ್ತಿದರು. ನಾಲ್ಕು ಜಿಬಿ ಮೆಮೊರಿಯ ಆ ಮುದಿ ಯಂತ್ರದ ಫ್ಯಾನು ಕುಕ್ಕರಿನ ಸದ್ದನ್ನೂ ಮೀರಿಸತೊಡಗಿತು.

ಸಂಕಟ ಬಂದದ್ದು ಇ-ಖಾತಾ ಇಳಿಸಿಕೊಳ್ಳುವ ದಿನ. ಮೊಬೈಲಿಗೆ ಒಟಿಪಿ ಬಂತು. ಅದನ್ನು ತುಂಬುವ ಚೌಕ ಪರದೆಯ ಮೇಲೆ ಬರುವಷ್ಟರಲ್ಲಿ ಒಟಿಪಿಯ ಆಯಸ್ಸು ಮುಗಿಯಿತು. ಮತ್ತೊಂದು ತರಿಸಿದರು, ಅದೂ ಹೋಯಿತು. “ವೈರಸ್ಸೇ!” ಎಂದು ತೀರ್ಮಾನಿಸಿದ ರಾಯರು ಉತ್ತರಹಳ್ಳಿ ಮುಖ್ಯರಸ್ತೆಯ ರಿಪೇರಿ ಅಂಗಡಿಯ ಹುಡುಗನನ್ನು ಕರೆಸಿದರು.

ಹುಡುಗ ಟಾಸ್ಕ್ ಮ್ಯಾನೇಜರ್ ತೆರೆದ. ಪಟ್ಟಿಯ ತುದಿಯಲ್ಲಿ ‘ಆಂಟಿಮಾಲ್‌ವೇರ್ ಸರ್ವೀಸ್ ಎಕ್ಸಿಕ್ಯೂಟಬಲ್’ ಚಕ್ಕಂಬಕ್ಕಳ ಹಾಕಿ ಕೂತಿತ್ತು.

“ಸಾರ್, ಇದು ನಿಮ್ಮ ಡಿಫೆಂಡರೇ. ಕಳ್ಳ ಅಲ್ಲ, ಪೊಲೀಸು. ಹೊಸ ಪಟ್ಟಿ ಬಂತಾ ಅಂತ ಕೇಳೋಕೆ ಖರ್ಚು ಕಮ್ಮಿ. ಬಂದಿದ್ದನ್ನ ಬಿಚ್ಚಿ ಮೆಮೊರಿಗೆ ಹಾಕ್ಕೊಳ್ಳೋಕೆ, ಮೇಲೆ ನೀವು ಒತ್ತೋ ಸ್ಕ್ಯಾನಿಗೆ, ಅದಕ್ಕೆ ಪ್ರೊಸೆಸರ್ ಸವೆಯೋದು. ಪೇದೆ ಇಡೀ ದಿನ ಠಾಣೇಲಿ ಕಳ್ಳರ ಫೋಟೊ ತಿರುವಿ ಹಾಕ್ತಿದ್ರೆ ಬೀಟಿಗೆ ಹೋಗೋರು ಯಾರು?”

“ಅಪ್‌ಡೇಟಿಂದ ಯಾರಿಗಾದ್ರೂ ಕೆಟ್ಟದ್ದು ಆಗಿದೆಯೇನಪ್ಪಾ?”

“2024ರ ಜುಲೈ 19 ಮರೆತ್ರಾ ಸಾರ್? ಅವತ್ತು ವೈರಸ್ ಇರ್ಲಿಲ್ಲ. ಕ್ರೌಡ್‌ಸ್ಟ್ರೈಕ್ ಅನ್ನೋ ಸೆಕ್ಯುರಿಟಿ ಕಂಪನಿಯ ಒಂದು ತಪ್ಪು ಅಪ್‌ಡೇಟು, ಸುಮಾರು 85 ಲಕ್ಷ ವಿಂಡೋಸ್ ಮಷೀನು ನೀಲಿ ಪರದೆ ತೋರಿಸಿ ಮಲಗಿದ್ವು. ನಮ್ಮ ಕೆಂಪೇಗೌಡ ಏರ್‌ಪೋರ್ಟಲ್ಲೂ ಚೆಕ್-ಇನ್‌ಗೆ ತೊಂದರೆ ಆಗಿತ್ತು.”

ರಾಯರೂ ಓದಿಕೊಂಡವರೇ. “78 ನಿಮಿಷದಲ್ಲಿ ಅದನ್ನ ವಾಪಸ್ ತಗೊಂಡು ಸರಿಯಾದ್ದು ಬಿಟ್ರಲ್ಲ! ಬೇಗ ಬೇಗ ನೋಡ್ತಾ ಇದ್ದೋನೇ ಗೆದ್ದ.”

“ಬೇಗ ನೋಡಿದ್ದೇ ಬಿದ್ದಿದ್ದು ಸಾರ್. ಬಿದ್ದ ಮೇಲೆ ಸರಿಯಾದ್ದನ್ನ ನೋಡೋಕೆ ಎದ್ದೇಳ್ಬೇಕಲ್ಲ! ನಮ್ಮ ಟೈಮಲ್ಲಿ ಬೆಳಿಗ್ಗೆ 9:39ರಿಂದ 10:57. ಅಷ್ಟೊತ್ತು ಆಫ್ ಆಗಿದ್ದ ಮಷೀನಿಗೆ ಏನೂ ಆಗ್ಲಿಲ್ಲ.”

“ರೀ, ಅದು ನಿಮ್ಮ ಸ್ನಾನ, ಪೂಜೆ, ತಿಂಡಿ ಹೊತ್ತು. ದೇವರು ಕಾಪಾಡ್ದ” ಎಂದರು ಮನೆಯವರು.

ಹುಡುಗ ಐದು ನಿಮಿಷದ ಏರ್ಪಾಟನ್ನು ಅಳಿಸಿ ಡಿಫೆಂಡರನ್ನು ಅದರ ಪಾಡಿಗೆ ಬಿಟ್ಟ. ವಾರದ ಸ್ಕ್ಯಾನನ್ನು ರಾಯರು ಸಂಜೆ ಗುಡಿಗೆ ಹೋಗುವ ಹೊತ್ತಿಗೆ ಇಟ್ಟ. ಸ್ಕ್ಯಾನ್ ಮಾಡುವಾಗ ಅದು ಬಳಸಬಹುದಾದ ಪ್ರೊಸೆಸರ್ ಪಾಲು ಮೂಲದಲ್ಲಿ ಶೇ. 50 ಇರುತ್ತದೆ, ಅದನ್ನು 20ಕ್ಕೆ ಇಳಿಸಿದ. ಫ್ಯಾನು ತಣ್ಣಗಾಯಿತು. ಇ-ಖಾತಾ ಒಂದೇ ಒಟಿಪಿಗೆ ಇಳಿಯಿತು.

ಆದರೆ ಲೋಡು ಕಮ್ಮಿಯಾಗಿದೆ ಎಂದು ಹುಡುಗ ಹೇಳಿದರೆ ಸಾಕೆ? ರಾಯರು ಟಾಸ್ಕ್ ಮ್ಯಾನೇಜರನ್ನು ಮುಚ್ಚಲೇ ಇಲ್ಲ. ಬೆಳಿಗ್ಗೆ ಶೇ. 6, ಮಧ್ಯಾಹ್ನ 5 ಎಂದು ಡೈರಿಯಲ್ಲಿ ಬರೆದಿಟ್ಟರು. ಮೆನುಗಳನ್ನೆಲ್ಲ ಶೋಧಿಸುವಾಗ ‘ಅಪ್‌ಡೇಟ್ ಸ್ಪೀಡ್’ ಎಂಬುದೊಂದು ಕಣ್ಣಿಗೆ ಬಿತ್ತು. ಆ ಹೆಸರು ಕಂಡ ಮೇಲೆ ಕೈ ಸುಮ್ಮನಿದ್ದೀತೆ? ‘ಹೈ’ ಒತ್ತಿದರು. ಯಂತ್ರ ಈಗ ಸೆಕೆಂಡಿಗೆ ಎರಡು ಸಲ ತನ್ನ ಆರೋಗ್ಯದ ವರದಿ ಒಪ್ಪಿಸತೊಡಗಿತು.

ಮರುದಿನ ಅಂಗಡಿಗೆ ಫೋನು ಬಂತು.

“ಏನಪ್ಪಾ, ಟಾಸ್ಕ್ ಮ್ಯಾನೇಜರ್ ಅಂತ ಯಾವುದೋ ಹೊಸದು ಸೇರ್ಕೊಂಡು ಎಲ್ಲರಿಗಿಂತ ಮೇಲೆ ಕೂತು ಸಿಪಿಯು ತಿಂತಾ ಇದೆ. ವೈರಸ್ ಇರಬಹುದಾ?”