ವಿಸಂಧಿ ಮೀಮಾಂಸೆ: ಅತಿದೂರ ವಾಯುಯಾನದ ಒಂದು ವ್ಯಾಕರಣ

ಪ್ರಸ್ತುತ ಸಂಪ್ರಬಂಧವು ಅತಿದೂರ ವಾಯುಯಾನವೆಂಬ ಸಂಕಥನವನ್ನು ದೇಹಕಾಲ ಮತ್ತು ದೇಶಕಾಲಗಳ ಅನುಸಂಧಾನದ ಪರಿಪ್ರೇಕ್ಷ್ಯದಲ್ಲಿ, ತಾತ್ತ್ವಿಕ ಹಾಗೂ ಆನ್ವಯಿಕ ನೆಲೆಗಳೆರಡರಲ್ಲೂ ಮುಖಾಮುಖಿಯಾಗಿಸುವ ವಿನಮ್ರ ಯತ್ನವಾಗಿದೆ. ಈ ವಾಕ್ಯದ ಅರ್ಥ ಕೇಳಬಾರದು. ಮೂವತ್ತೆರಡು ವರ್ಷ ಕನ್ನಡ ಮೇಷ್ಟರಾಗಿ ನಾನು ಕೂತ ವಿಚಾರ ಸಂಕಿರಣಗಳಲ್ಲಿ ಯಾರೂ ಕೇಳಿದ್ದಿಲ್ಲ. ಊಟದ ಗಂಟೆಯವರೆಗೆ ಪರಿಪ್ರೇಕ್ಷ್ಯ ನಡೆಯುತ್ತಿತ್ತು, ಆಮೇಲೆ ಹೋಳಿಗೆ.

ಶಾಸ್ತ್ರವೆಂದಮೇಲೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲಿಗೇ ಹೇಳಿಬಿಡಬೇಕು. ಅಧಿಕಾರಿ: ಒಮ್ಮೆಯಾದರೂ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಬಂದು, ಉಳಿದ ಆಯುಷ್ಯವೆಲ್ಲ ಅದನ್ನು ವಿವರಿಸುವವನು. ವಿಷಯ: ಯಾವ ವಿಮಾನ, ಯಾವ ಸೀಟು, ಯಾವ ಮಾತ್ರೆ. ಸಂಬಂಧ: ತಂಗಿಯ ಮಗ. ಪ್ರಯೋಜನ: ಇನ್ನೂ ಕಂಡುಬಂದಿಲ್ಲ.

ಪೂರ್ವಸೂರಿಗಳನ್ನು ನೆನೆಯಬೇಕು. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರ ನಡುವೆ ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ವನ್ನು ಬಿಟ್ಟು ಕನ್ನಡ ನಾಡಿನಲ್ಲಿ ವಿಮಾನದ ವಿಚಾರ ಎತ್ತುವುದು ಅಪಚಾರ. ಅದರಲ್ಲಿ ಚಾಲಕ ಏನು ಉಡಬೇಕು, ಏನು ಉಣ್ಣಬೇಕು ಎಂಬುದೂ ಇದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಅಲ್ಲಿನ ವಿಮಾನಗಳನ್ನು ಪರಿಶೀಲಿಸಿ, ಇವು ಹಾರಲಾರವು ಎಂದು ತೀರ್ಪು ಕೊಟ್ಟರು. ಹಾರದ ವಿಮಾನದಿಂದಲೂ ಒಂದು ಉಪಕಾರವುಂಟು. ಇಳಿದ ಮೇಲೆ ನಿದ್ದೆ ಕೆಡುವುದಿಲ್ಲ.

ಇನ್ನು ಲಕ್ಷಣ. ನಡುವೆ ಎಲ್ಲೂ ಇಳಿಯದೆ 16 ಗಂಟೆ ಮೀರಿ ಹಾರುವುದು ಅತಿದೂರ ಎಂಬುದು ಬಳಕೆಯ ಮಾತು. ಸಿಂಗಪುರ–ನ್ಯೂಯಾರ್ಕ್ ವಿಮಾನ ಸುಮಾರು 15,300 ಕಿ.ಮೀ. ಹಾರಿ 18 ಗಂಟೆ ದಾಟುತ್ತದೆ. ಸಿಡ್ನಿಯಿಂದ ಲಂಡನ್ನಿಗೆ ಒಂದೇ ನೆಗೆತಕ್ಕೆ ಹಾರುವ ಹಂಬಲದ ಕ್ವಾಂಟಾಸ್ ಕಂಪನಿ, 2019ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಿಂದ ಸಿಡ್ನಿಗೆ 19 ಗಂಟೆ 16 ನಿಮಿಷ ಹಾರಿಸಿ, ಒಳಗೆ ಕೂತವರ ನಿದ್ದೆಯನ್ನು ಅಳೆಯಿತು. ಇದೇ ಕಂಪನಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಸ್ಟ್ರೇಲಿಯಾದ ಪರ್ತ್‌ನಿಂದ ಸಿಲೋನಿಗೆ, ನೀರ ಮೇಲೆ ಇಳಿಯುವ ಪುಟ್ಟ ವಿಮಾನಗಳನ್ನು ಓಡಿಸುತ್ತಿತ್ತು. ಒಂದು ದಿನ ಕಳೆದು ಇನ್ನೊಂದಕ್ಕೆ ಕಾಲಿಟ್ಟರೂ ಹಾರುತ್ತಲೇ ಇದ್ದು, ಒಂದೇ ಪಯಣದಲ್ಲಿ ಎರಡು ಸೂರ್ಯೋದಯ ಕಂಡವರಿಗೆ ಪ್ರಮಾಣಪತ್ರವನ್ನೂ ಕೊಡುತ್ತಿದ್ದರು. ಹಾಗಾದರೆ ಎರಡು ಸಲ ಸಂಧ್ಯಾವಂದನೆಯೋ, ಒಂದೇ ಸಾಕೋ? ಅದು ಬೇರೆ ಸಂಪ್ರಬಂಧ, ಬೇರೆ ಹೋಳಿಗೆ.

ಈಗ ನಮ್ಮ ಮೂಲ ಸಿದ್ಧಾಂತ. ಜಗತ್ತು ಜೆಟ್ ಲ್ಯಾಗ್ ಎಂದು ಕರೆಯುವ ಬೇನೆಗೆ ನಾವು ‘ವಿಸಂಧಿ’ ಎಂದು ನಾಮಕರಣ ಮಾಡುತ್ತೇವೆ. ಸಂಧಿಯಾಗಬೇಕಾದ ಎಡೆಯಲ್ಲಿ ಆಗದೆ ಉಳಿಯುವುದು ವಿಸಂಧಿದೋಷ. ದೇಹದ ಗಡಿಯಾರ ಬೆಂಗಳೂರಿನ ಜಯನಗರದ್ದು, ಗೋಡೆಯ ಗಡಿಯಾರ ಕ್ಯಾಲಿಫೋರ್ನಿಯಾದ ಸನಿವೇಲಿನದು, ಎರಡೂ ಕೂಡುವುದಿಲ್ಲ. ಇದರ ಪ್ರಭೇದಗಳು ಮೂರು.

ಆಗಮಸಂಧಿ. ‘ಮನೆ’ಗೆ ‘ಅಲ್ಲಿ’ ಸೇರುವಾಗ ಎಲ್ಲಿಂದಲೋ ಒಂದು ಯಕಾರ ಬಂದು ಕೂರುವಂತೆ, ಇಲ್ಲಿ ಇಲ್ಲದ ಹಗಲೊಂದು ಬಂದು ಕೂರುತ್ತದೆ. ಚಳಿಗಾಲದ ಒಂದು ಮಂಗಳವಾರ ಮಧ್ಯಾಹ್ನ ಎರಡೂವರೆಗೆ ಬೆಂಗಳೂರು ಬಿಟ್ಟು, 16 ಗಂಟೆ ಹಾರಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದರೆ ಅಲ್ಲಿ ಅದೇ ಮಂಗಳವಾರ ಸಂಜೆ ಐದು. ಹದಿಮೂರೂವರೆ ಗಂಟೆ ಪುಕ್ಕಟೆ.

ಲೋಪಸಂಧಿ. ಇದಕ್ಕೆ ಚರಿತ್ರೆಯಲ್ಲೇ ಉದಾಹರಣೆಯಿದೆ. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಮಹಿಳೆಯರೇ ಹಾರಿಸಿದ ಏರ್ ಇಂಡಿಯಾ ವಿಮಾನ 2021ರ ಜನವರಿ 9ರ ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟಿತು. ಉತ್ತರ ಧ್ರುವದ ಮೇಲೆ ಹಾದು, ಸುಮಾರು 14,000 ಕಿ.ಮೀ. ಕ್ರಮಿಸಿ, 11ರ ಸೋಮವಾರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯಿತು. ‘ಊರು’ ಮತ್ತು ‘ಅಲ್ಲಿ’ ಕೂಡಿ ‘ಊರಲ್ಲಿ’ಯಾದಾಗ ಉಕಾರ ಹೋದಂತೆ, ಆ ಪ್ರಯಾಣಿಕರ ಪಾಲಿಗೆ ಇಡೀ ಭಾನುವಾರ ಯಾವ ನೆಲದ ಮೇಲೂ ಸಿಗದೆ ಲೋಪವಾಯಿತು. ಲೋಪವಾದ ದಿನ ಏಕಾದಶಿ ಬಿದ್ದರೆ ಉಪವಾಸ ಯಾರು ಮಾಡಬೇಕು ಎಂದು ನಮ್ಮ ಬೀದಿಯ ಪುರೋಹಿತರನ್ನು ಕೇಳಿದೆ. “ನೀವು ರಿಟೈರ್ ಆಗಬಾರದಿತ್ತು ಮೇಷ್ಟ್ರೇ” ಎಂದರು.

ಆದೇಶಸಂಧಿ. ‘ಮಳೆ’ಗೆ ‘ಕಾಲ’ ಸೇರಿ ಮಳೆಗಾಲವಾದಾಗ ಕಕಾರದ ಜಾಗಕ್ಕೆ ಗಕಾರ ಬರುವಂತೆ, ರಾತ್ರಿಯ ಜಾಗಕ್ಕೆ ಹಗಲು ಬರುವುದು. ಉಪಭೇದಗಳು ಏಳು. ಒಂದನೆಯದು ನಡುರಾತ್ರಿ ಹಸಿವು. ಎರಡನೆಯದು ನಡುಹಗಲಿನ ತೂಕಡಿಕೆ. ಉಳಿದ ಐದು ಪ್ರೊಸ್ಟೇಟ್ ಗ್ರಂಥಿಗೆ ಸಂಬಂಧಿಸಿದವಾದ್ದರಿಂದ ಇಲ್ಲಿ ಬೇಡ.

ಆಯ್ಕೆಯ ಪ್ರಕರಣಕ್ಕೆ ಬರೋಣ. ಇಲ್ಲಿ ಪ್ರಮಾಣಪುರುಷ ನನ್ನ ತಂಗಿಯ ಮಗ, ಮುಂದೆ ಭಾಗಿನೇಯಾಚಾರ್ಯ. ವೈಟ್‌ಫೀಲ್ಡಿನಲ್ಲಿ ಕೆಲಸ, ವರ್ಷಕ್ಕೆರಡು ಸಲ ಕಡಲಾಚೆ. ಮಗಳ ಬಾಣಂತನಕ್ಕೆ ನಾನೂ ನನ್ನಾಕೆಯೂ ಹೊರಟಿದ್ದೇವೆಂದು ತಿಳಿದದ್ದೇ, ನಮ್ಮ ಮನೆಯ ಸೋಫಾದ ಮೇಲೆ ಪೀಠಸ್ಥನಾದ.

“ಮಾವ, ಏರ್‌ಲೈನ್ ನೋಡಿ ಟಿಕೆಟ್ ತಗೋಬಾರದು, ಏರ್‌ಕ್ರಾಫ್ಟ್ ನೋಡಿ ತಗೋಬೇಕು.”

ಅವನ ಭಾಷ್ಯ ಒಂದೂಮುಕ್ಕಾಲು ಗಂಟೆ ನಡೆಯಿತು. ನ್ಯಾಯವಾಗಿ ಹೇಳಬೇಕೆಂದರೆ ಅದರಲ್ಲಿ ಹುರುಳಿತ್ತು. ಹಳೆಯ ವಿಮಾನಗಳೊಳಗಿನ ಗಾಳಿ 8,000 ಅಡಿ ಎತ್ತರದ ಗಾಳಿಯಷ್ಟು ತೆಳುವಾಗಬಹುದು. ಬೋಯಿಂಗ್ 787, ಏರ್‌ಬಸ್ ಎ350ಗಳಲ್ಲಿ ಅದು ಸುಮಾರು 6,000 ಅಡಿಯದು. ನಮ್ಮ ಮಾತಲ್ಲಿ ಹೇಳುವುದಾದರೆ, ಹಳೆಯದರಲ್ಲಿ ಊಟಿಗಿಂತ ಮೇಲೆ ಕೂತಂತೆ, ಹೊಸದರಲ್ಲಿ ಮುಳ್ಳಯ್ಯನಗಿರಿಯ ತುದಿಗೆ ತುಸು ಕೆಳಗೆ. ಆದರೆ ಮುಳ್ಳಯ್ಯನಗಿರಿಯ ಮಂಜಿಲ್ಲ, ಗಾಳಿ ಒಣಕಲು. ತುಟಿ ಒಡೆಯುತ್ತದೆ, ಗಂಟಲು ಕೆರೆಯುತ್ತದೆ. ಕಾಲಿನ ಮೀನಖಂಡವನ್ನು ಆಗಾಗ ಆಡಿಸದಿದ್ದರೆ ರಕ್ತ ಹೆಪ್ಪುಗಟ್ಟುವ ಭಯವೂ ಇದೆ. ಇಷ್ಟನ್ನು ಎರಡು ನಿಮಿಷದಲ್ಲಿ ಹೇಳಬಹುದಿತ್ತು. ಆದರೆ ಕಿಟಕಿಪಕ್ಷ, ಓಣಿಪಕ್ಷ, ಶೌಚಾಲಯಸಾಮೀಪ್ಯವಾದ ಇವೆಲ್ಲವನ್ನೂ ಖಂಡನಮಂಡನಪೂರ್ವಕ ಸ್ಥಾಪಿಸದೆ ಆಚಾರ್ಯರು ಏಳುವರೇ? ಸಸ್ಯಾಹಾರಿ ಊಟ ಮೊದಲೇ ಹೇಳಿದವರ ತಟ್ಟೆ ಎಲ್ಲರಿಗಿಂತ ಮುಂಚೆ ಬರುತ್ತದೆ ಎಂಬುದನ್ನಂತೂ ಉಪನಿಷದ್ರಹಸ್ಯದಂತೆ ಕಿವಿಯಲ್ಲಿ ಹೇಳಿದ. ಕೊನೆಗೆ ಮಗಳು, ಎಂಬತ್ತು ಸಾವಿರ ಕಡಿಮೆಯೆಂದು, ಹೋಗುವುದಕ್ಕೆ ನಡುವೆ ಒಂದು ಕಡೆ ಇಳಿದು ಹತ್ತುವ, ಬೆಳಗಿನ ಜಾವದ ವಿಮಾನ ಹಿಡಿಸಿದಳು. ಬರುವಾಗ ಮಾತ್ರ ಒಂದೇ ನೆಗೆತ. ಶಾಸ್ತ್ರವೆಲ್ಲ ಸೋಫಾದ ಮೇಲೇ ಉಳಿಯಿತು.

ಚಿಕಿತ್ಸೆಯಲ್ಲಿ ಶಾಖೆಗಳು ಹಲವು: ಮಾತ್ರೆಯ ಶಾಖೆ, ಬಿಸಿಲಿನ ಶಾಖೆ, ಉಪವಾಸ ಶಾಖೆ, ಮತ್ತು ಹೆಂಡತಿ ಕೇಳಿಸಿಕೊಳ್ಳದಿರುವಾಗ ಮಾತ್ರ ಬೋಧಿಸುವ ಒಂದು ಶಾಖೆ. ಮೂಲಕ್ಕೆ ಹೋಗೋಣ. 1729ರಲ್ಲಿ ಫ್ರಾನ್ಸಿನ ದ ಮೇರಾನ್ ಎಂಬಾತ ಮುಟ್ಟಿದರೆ ಮುನಿ ಗಿಡವನ್ನು ಕತ್ತಲಲ್ಲಿಟ್ಟು ನೋಡಿದ. ಬಿಸಿಲು ಕಾಣದಿದ್ದರೂ ಅದು ಹೊತ್ತಿಗೆ ಸರಿಯಾಗಿ ಎಲೆ ಬಿಚ್ಚಿತು, ಹೊತ್ತಿಗೆ ಸರಿಯಾಗಿ ಮಡಚಿತು. ನಮ್ಮೊಳಗೂ ಅಂಥದೊಂದು ಮುನಿಸಿಕೊಳ್ಳುವ ಗಿಡವಿದೆ. ಮೆದುಳಿನ ಬುಡದಲ್ಲಿ, ಎರಡೂ ಕಣ್ಣಿನ ನರಗಳು ಕೂಡುವ ಜಾಗದ ಮೇಲೆ, ಸುಮಾರು 20,000 ನರಕೋಶಗಳ ಒಂದು ಗಂಟು. ಅದರ ದಿನ 24 ಗಂಟೆಗಿಂತ ಚೂರು ಉದ್ದ. ಹಾಗಾಗಿ ದಿನವನ್ನು ಎಳೆಯುವುದು ಸುಲಭ, ಕುಗ್ಗಿಸುವುದು ಕಷ್ಟ. ಪಡುವಣಕ್ಕೆ ಹೋದರೆ ಬೇಗ ಹೊಂದುತ್ತದೆ, ಮೂಡಣಕ್ಕೆ ಹೋದರೆ ತಡ. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾ ಹೆಚ್ಚು ಕಡಿಮೆ ಭೂಮಿಯ ಆ ಮಗ್ಗುಲು, ಅದು ಪಡುವಣವೋ ಮೂಡಣವೋ ಗಂಟಿಗೂ ತೋಚುವುದಿಲ್ಲ. ದಿನಕ್ಕೆ ಸರಿಸುಮಾರು ಒಂದು ಗಂಟೆಯಂತೆ ಸರಿಯುತ್ತಾ ಹೋಗುತ್ತದೆ. ಲೆಕ್ಕ ಹಾಕಿ.

ನಾನು ಲೆಕ್ಕ ಹಾಕುತ್ತಾ ಹನ್ನೆರಡು ದಿನ ಮಲಗಿದೆ. ನನ್ನಾಕೆಗೆ ವಿಸಂಧಿ ಆಯಿತೋ ಇಲ್ಲವೋ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಇಳಿದ ದಿನವೇ ಒಲೆಯ ಮುಂದೆ ನಿಂತು ಮೆಣಸಿನ ಸಾರು ಕುದಿಸಿದಳು. ಹುಟ್ಟಿದ ಕೂಸಿಗೆ ಎರಡು ಮೂರು ತಿಂಗಳವರೆಗೆ ಹಗಲು ರಾತ್ರಿಯ ಗಡಿಯಾರವೇ ಕೂಡಿಬಂದಿರುವುದಿಲ್ಲ. ವ್ಯಾಕರಣದಲ್ಲಿ ಇದಕ್ಕೆ ಪ್ರಕೃತಿಭಾವ ಎನ್ನಬೇಕು, ಯಾವ ಸಂಧಿಯೂ ತಗಲದ ಸ್ಥಿತಿ. ಬೆಳಗಿನ ಮೂರಕ್ಕೆ ಎದ್ದು ನೋಡಿದರೆ ಆ ಮನೆಯಲ್ಲಿ ಕಣ್ಣು ಬಿಟ್ಟುಕೊಂಡಿದ್ದವರು ಇಬ್ಬರೇ, ಅಜ್ಜಿ ಮತ್ತು ಮೊಮ್ಮಗ. ಅವಳು ಅವನಿಗೆ ಎಣ್ಣೆ ಹಚ್ಚುತ್ತಾ, ಅಷ್ಟು ಹೊತ್ತಿಗೆ ಜಯನಗರದಲ್ಲಿ ಯಾರು ಯಾರು ಏನು ಮಾಡುತ್ತಿರುತ್ತಾರೆ ಎಂದು ವರದಿ ಒಪ್ಪಿಸುತ್ತಿದ್ದಳು.

ನಾಲ್ಕನೆಯ ಪ್ರಭೇದ ಒಂದುಂಟು ಎಂದು ಹೇಳಹೊರಟಿದ್ದೆ. ಬಿಡಿ. ಈ ಪ್ರಭೇದಗಳ ಆಟ ನನಗೇ ಸಾಕಾಯಿತು. ಹೋಗುವ ರಾತ್ರಿ ನಡೆದದ್ದನ್ನು ಹೇಳಬೇಕು.

ಒಂದು ಗಂಟೆಗೆ ಟ್ಯಾಕ್ಸಿ ಬಂತು. ಭಾಗಿನೇಯ ಮುಂದಿನ ಸೀಟಿನಲ್ಲಿ ಕೂತು, ಹೆಬ್ಬಾಳ ಬರುವತನಕ ಮೆಲಟೋನಿನ್ ಮಾತ್ರೆಯನ್ನು ಯಾವ ಊರಿನ ಎಷ್ಟು ಗಂಟೆಗೆ ನುಂಗಬೇಕೆಂದು ಹಿಂದಿರುಗಿ ಹೇಳುತ್ತಿದ್ದ. ಡ್ರೈವರ್ ಪಾವಗಡದ ಕಡೆಯ ಹುಡುಗ. ಎಸಿ ಹಾಕಿದ್ದರೂ ತನ್ನ ಕಡೆಯ ಗಾಜು ಇಳಿಸಿದ್ದ, ಮುಖಕ್ಕೆ ಗಾಳಿ ಬೀಳಲೆಂದು. ಯಲಹಂಕ ದಾಟಿದ ಮೇಲೆ ಕೇಳಿದ: “ಸಾರ್, ಅದೇನೋ ಲ್ಯಾಗ್ ಅಂತೀರಲ್ಲ, ಅದು ಬಂದ್ರೆ ಏನಾಗ್ತದೆ?”

ಭಾಗಿನೇಯ ಉತ್ಸಾಹದಿಂದ ಹೇಳಿದ: ರಾತ್ರಿ ನಿದ್ದೆ ಬರಲ್ಲ, ಹಗಲು ಕಣ್ಣು ಎಳೆಯುತ್ತೆ, ಹೊಟ್ಟೆ ಕೆಡುತ್ತೆ, ಸುಮ್ಮಸುಮ್ಮನೆ ಸಿಟ್ಟು, ಹೇಳಿದ್ದು ಮರೆತುಹೋಗುತ್ತೆ.

ಡ್ರೈವರ್ ಸ್ವಲ್ಪ ದೂರ ಸುಮ್ಮನಿದ್ದ. “ಅದಕ್ಕೆ ಮಾತ್ರೆ ಐತೆ ಅಂದ್ರಲ್ಲ, ಒಂದು ಕೊಡ್ತೀರಾ?”

“ಅಯ್ಯೋ, ಅದು ನಿದ್ದೆ ಬರಿಸೋ ಮಾತ್ರೆ ಕಣಪ್ಪ. ಡ್ರೈವ್ ಮಾಡೋವಾಗ ತಗೋಬಾರದು.”

“ಹಂಗಾದ್ರೆ ಬ್ಯಾಡ” ಎಂದ. ಹಿಂದಿನ ದಿನ ಬೆಳಿಗ್ಗೆ ಆರಕ್ಕೆ ಗಾಡಿ ತೆಗೆದವನಂತೆ. ಕಂತು ಕಟ್ಟಬೇಕು, ಇನ್ನೆರಡು ಏರ್‌ಪೋರ್ಟ್ ಟ್ರಿಪ್ ಸಿಕ್ಕರೆ ಆ ದಿನದ್ದು ಸರಿಹೋಗುತ್ತದೆ.

ನಾನು ಹತ್ತಿದಂಥ ವಿಮಾನದಲ್ಲಿ ಪೈಲಟ್‌ಗಳ ದುಡಿಮೆಯ ಗಂಟೆಗಳನ್ನು ಕಾನೂನು ಎಣಿಸುತ್ತದೆ. ಅತಿದೂರದ ಹಾರಾಟಕ್ಕೆ ನಾಲ್ವರು ಪೈಲಟ್‌ಗಳು, ಸರದಿಯಲ್ಲಿ ಮಲಗಲು ಅವರಿಗೆ ಗುಪ್ತ ಮಂಚ. ಹಾಗೆಯೇ ಇರಬೇಕು, ತಕರಾರಿಲ್ಲ. ಮೋಟಾರು ಸಾರಿಗೆ ಕಾರ್ಮಿಕರಿಗೆ ದಿನಕ್ಕೆ 8 ಗಂಟೆ ಎಂದು 1961ರಷ್ಟು ಹಿಂದೆಯೇ ಕಾಯ್ದೆಯಲ್ಲಿ ಬರೆದರು. ಆ 8 ಈ ಹುಡುಗನ ಸ್ಟೇರಿಂಗಿನ ಹತ್ತಿರಕ್ಕೂ ಬಂದಿಲ್ಲ. ಫೋನಿನ ಆ್ಯಪ್ ಅವನನ್ನು ಪಾಲುದಾರ ಎಂದು ಕರೆಯುತ್ತದೆ. ಯಾವುದರ ಪಾಲು?

ನಮ್ಮ ಎದುರು ಮನೆಯ ಹುಡುಗಿ ಎಂಟು ವರ್ಷ ಹೊರವರ್ತುಲ ರಸ್ತೆಯ ಒಂದು ಕಚೇರಿಯಲ್ಲಿ ಅಮೆರಿಕದ ಗಡಿಯಾರಕ್ಕೆ ದುಡಿದಳು. ಸಂಜೆ ಆರಕ್ಕೆ ಅವಳ ಬೆಳಗು. ಪಾಸ್‌ಪೋರ್ಟೂ ಮಾಡಿಸಿರಲಿಲ್ಲ. ಅವಳಿಗೆ ಹೊಟ್ಟೆ ಕೆಟ್ಟಾಗ ಬೀದಿಯವರು ಹೊರಗಿನ ತಿಂಡಿ ಎಂದರು; ಮುಖ ಊದಿದಾಗ ಮದುವೆ ಮಾಡಿ ಎಂದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲೇ ರಾತ್ರಿಪಾಳಿಯನ್ನು ಕ್ಯಾನ್ಸರ್ ತರುವ ಸಂಭವವಿರುವ ಕೆಲಸಗಳ ಸಾಲಿಗೆ ಸೇರಿಸಿತು, 2019ರಲ್ಲಿ ಮತ್ತೆ ನೋಡಿ ಅದನ್ನೇ ಖಚಿತಪಡಿಸಿತು. ಹಾಗೆಂದು ಅವಳಿಗೆ ಯಾರು ಹೇಳಿದರು? ಹನ್ನೆರಡು ದಿನ ಮಲಗೆದ್ದ ನನ್ನನ್ನು ಮಾತ್ರ ನೆಂಟರೆಲ್ಲ ಫೋನು ಮಾಡಿ ವಿಚಾರಿಸಿಕೊಂಡರು. ನನಗೆ ಬಂದದ್ದಕ್ಕೆ ಇಂಗ್ಲಿಷಿನಲ್ಲಿ ಹೆಸರಿತ್ತು, ಈಗ ಹಳಗನ್ನಡದ ಅಲಂಕಾರಶಾಸ್ತ್ರದಿಂದ ಇನ್ನೊಂದು ಹೆಸರೂ ತಂದು ಹಚ್ಚಿದ್ದೇನೆ. ಅವರಿಗಿರುವುದಕ್ಕೆ ನಾವು ಇಟ್ಟಿರುವ ಹೆಸರು ಡ್ಯೂಟಿ.

ಒಂದೇ ನೆಗೆತದಲ್ಲಿ ವಾಪಸು ಬಂದು ಇಳಿದಾಗ ಬೆಳಗಿನ ಜಾವ ನಾಲ್ಕೂವರೆ. ಸಿಕ್ಕ ಟ್ಯಾಕ್ಸಿಯವನು ಬೇರೆ, ಆದರೆ ಅವನ ಕಡೆಯ ಗಾಜೂ ಇಳಿದಿತ್ತು. ಸಾದಹಳ್ಳಿ ಟೋಲ್ ಕಳೆದ ಮೇಲೆ ಅವನ ತಲೆ ಒಮ್ಮೆ ಎದೆಗೆ ಬಿದ್ದು ಎದ್ದಿತು. ನನ್ನಾಕೆ ಹಿಂದಿನಿಂದ ಅವನ ಭುಜ ತಟ್ಟಿ, “ನಿಲ್ಲಿಸಪ್ಪ, ಅರ್ಧ ಗಂಟೆ ಮಲಕ್ಕೋ, ನಮಗೇನೂ ನಿದ್ದೆ ಬರಲ್ಲ” ಎಂದಳು. ಅವನು ನಂಬಲಿಲ್ಲ, ಕಡಿಮೆ ಸ್ಟಾರ್ ಕೊಡಬೇಡಿ ಅಮ್ಮ ಎಂದ. ಆಮೇಲೆ ಬದಿಗೆ ಹಾಕಿ ಸೀಟು ಹಿಂದಕ್ಕೆ ಒರಗಿಸಿದ್ದೇ, ಗೊರಕೆ. ಕ್ಯಾಲಿಫೋರ್ನಿಯಾದ ಗಡಿಯಾರದಲ್ಲಿ ಆಗ ನಮಗೆ ನಡುಮಧ್ಯಾಹ್ನ ಕಳೆದಿತ್ತು ಅಷ್ಟೆ. ಉಳಿದಿದ್ದ ಕೋಡುಬಳೆ ತಿನ್ನುತ್ತಾ ಕೂತೆವು.

ಆದ್ದರಿಂದ ವಿಮಾನ ಯಾವುದೆಂದು ಆರಿಸುವ ಮಹನೀಯರಲ್ಲಿ ನನ್ನ ಬಿನ್ನಹ ಇಷ್ಟೇ: ಟ್ಯಾಕ್ಸಿ ಹತ್ತುವಾಗ ಡ್ರೈವರನ್ನು ಕೊನೆಯ ಸಲ ಯಾವಾಗ ಮಲಗಿದ್ದೆ ಎಂದು ಕೇಳಿ, ಮತ್ತು ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಮನೆಯಿಂದ ಒಂದು ಗಂಟೆ ಮುಂಚೆಯೇ ಹೊರಡಿ.