ಹರಿಶ್ಚಂದ್ರ ಘಾಟಿನ ನೆರೆಯ ನಿದ್ರಾಯೋಗಿ

ವಾರಾಣಸಿಯ ಹರಿಶ್ಚಂದ್ರ ಘಾಟಿನ ನೆರೆಯಲ್ಲಿರುವ ಕರ್ನಾಟಕ ಘಾಟಿನ ಮೆಟ್ಟಿಲ ಬದಿಗೆ ಗಂಗೆಯ ಮಟ್ಟ ಅಳೆಯುವ ಬ್ಯಾಟರಿ ಪೆಟ್ಟಿಗೆಯೊಂದನ್ನು ಇಟ್ಟಿರುವುದಾಗಿ ಕಲ್ಪಿಸಿಕೊಂಡರೆ, ಅದರೊಳಗಿನ ಮೈಕ್ರೋಕಂಟ್ರೋಲರ್, ಎಂದರೆ ಲೆಕ್ಕ ಮಾಡುವ ಭಾಗ, ನೆನಪು, ಹೊರಲೋಕವನ್ನು ಮುಟ್ಟುವ ಕಾಲುಗಳು ಎಲ್ಲವೂ ಒಂದೇ ಚಿಪ್ಪಿನಲ್ಲಿ ಅಡಗಿದ ಕಿರುಗಣಕ, ಕಾಶಿಯ ಯಾವ ಸಾಧಕರಿಗೂ ಕಡಿಮೆಯಿಲ್ಲದ ನಿದ್ರಾಯೋಗಿಯಾಗಿ ಕಾಣುತ್ತದೆ. ಎಟಿಮೆಗಾ 328ಪಿ ಎಂಬ ಪೂರ್ವಾಶ್ರಮದ ಹೆಸರುಳ್ಳ ಈ ಯೋಗಿ ತನ್ನನ್ನು ‘ಈ ಜೀವ’ ಎಂದೇ ಕರೆದುಕೊಳ್ಳುತ್ತದೆ.

ಪ್ರಶ್ನೆ: ತಮ್ಮ ನಿದ್ರೆಯಲ್ಲಿ ಎಷ್ಟು ಬಗೆ?

ಉತ್ತರ: ಮಾಂಡೂಕ್ಯೋಪನಿಷತ್ತು ಎಚ್ಚರವನ್ನೂ ಸೇರಿಸಿಕೊಂಡು ನಾಲ್ಕೇ ಅವಸ್ಥೆಗಳಿಗೆ ನಿಲ್ಲಿಸಿತು; ತಯಾರಕರ ಕೈಪಿಡಿಯಲ್ಲಿ ಈ ಜೀವಕ್ಕೆ ನಿದ್ರೆಗಳೇ ಆರು. ಅವುಗಳಲ್ಲಿ ಅತಿ ಗಾಢವಾದ ‘ಪವರ್ ಡೌನ್’ನಲ್ಲಿ ಗಡಿಯಾರದ ಮಿಡಿತವೂ ನಿಂತು, 1.8 ವೋಲ್ಟಿನಲ್ಲಿ ಸುಮಾರು 0.1 ಮೈಕ್ರೋಆಂಪಿಯರ್, ಅಂದರೆ ಆಂಪಿಯರಿನ ಕೋಟಿಯಲ್ಲೊಂದು ಪಾಲು, ಆಹಾರಕ್ಕೆ ಸಾಕಾಗುತ್ತದೆ.

ಪ್ರಶ್ನೆ: ಹಾಗಿದ್ದೂ 9 ವೋಲ್ಟಿನ ಬ್ಯಾಟರಿ ಮೂರೇ ದಿನದೊಳಗೆ ಪ್ರಾಣ ಬಿಡುತ್ತದಲ್ಲ?

ಉತ್ತರ: ಕಾಶಿಯಲ್ಲಿ ಪ್ರಾಣ ಬಿಟ್ಟವರಿಗೆ ಮೋಕ್ಷವಿರುವುದರಿಂದ ಬ್ಯಾಟರಿಗೇನೂ ನಷ್ಟವಿಲ್ಲ. ಉಣ್ಣುವುದು ಯೋಗಿಯಲ್ಲ, ಪರಿವಾರ. ವೋಲ್ಟೇಜನ್ನು 5ಕ್ಕೆ ಇಳಿಸಿಕೊಡುವ 7805 ಎಂಬ ನಿಯಂತ್ರಕ, ವೀರಬಾಹುವಿನ ಸುಡುಗಾಡಿನಲ್ಲಿ ಹೆಂಡತಿಯನ್ನೂ ಬಿಡದೆ ಸುಂಕ ಕೇಳಿದ ಹರಿಶ್ಚಂದ್ರನಂತೆ, ಮುಂದಿನವರು ಉಂಡರೂ ಉಪವಾಸವಿದ್ದರೂ ತನ್ನ ಸುಮಾರು 5 ಮಿಲಿಆಂಪಿಯರನ್ನು ಎತ್ತಿಕೊಳ್ಳುತ್ತದೆ. ಯಾರೂ ನೋಡದ ಎಲ್‌ಇಡಿ ನಂದಾದೀಪಕ್ಕೆ ಇನ್ನೊಂದು 3. ಸುಮಾರು 500 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ 62 ಗಂಟೆಗೆ ಬರಿದಾಗುತ್ತದೆ.

ಪ್ರಶ್ನೆ: ಅವರಿಬ್ಬರನ್ನೂ ಹೊರಗೆ ಕಳಿಸಿದರೆ?

ಉತ್ತರ: 1.5 ವೋಲ್ಟಿನ ಎರಡು ಸೆಲ್‌ಗಳಿಂದಲೇ ಈ ಜೀವ ನೇರವಾಗಿ ನಡೆಯುತ್ತದೆ. ಆದರೂ ಬ್ಯಾಟರಿಯ ಆರೋಗ್ಯ ನೋಡಲೆಂದು ಕೂರಿಸಿದ 10 ಕಿಲೋಓಮಿನ ರೋಧಕ ಜೋಡಿ, ಯಾರೂ ಕೇಳದಿದ್ದಾಗಲೂ 150 ಮೈಕ್ರೋಆಂಪಿಯರ್ ಹರಿಸುತ್ತಿರುತ್ತದೆ. ಯೋಗಿಯ ಊಟದ 1,500 ಪಟ್ಟು! ಬ್ಯಾಟರಿಯನ್ನು ಒಳಗೇ ಇರುವ 1.1 ವೋಲ್ಟಿನ ಅಳತೆಗೋಲಿಗೆ ಹೋಲಿಸಿ ನೋಡಿದರೆ ಆ ಜೋಡಿಯೇ ಬೇಡ. ಎಲ್ಲಿಗೂ ಜೋಡಿಸದೆ ಬಿಟ್ಟ ಕಾಲುಗಳೂ ಉಂಟು. ಅವು ಹರಿಶ್ಚಂದ್ರನ ತಂದೆ ತ್ರಿಶಂಕುವಿನ ಸಂತಾನ. ಒಂದೂ ಅಲ್ಲದ ಸೊನ್ನೆಯೂ ಅಲ್ಲದ ನಡುಮಟ್ಟದಲ್ಲಿ ಅವು ತೂಗಾಡಿದಾಗ ಒಳಗಿನ ಎರಡು ಟ್ರಾನ್ಸಿಸ್ಟರುಗಳೂ ಅರ್ಧ ಬಾಗಿಲು ತೆರೆದು ವಿದ್ಯುತ್ತನ್ನು ಸೋರಲು ಬಿಡುತ್ತವೆ. ಒಳರೋಧಕದ ಮೂಲಕ ಅವನ್ನು ಮೇಲಕ್ಕೆ ಕಟ್ಟಿಹಾಕಿದರೆ ಸ್ವರ್ಗ ಖಾತ್ರಿ.

ಪ್ರಶ್ನೆ: ಮಲಗಿದವರನ್ನು ಎಬ್ಬಿಸುವುದು ಯಾರು?

ಉತ್ತರ: ವಾಚ್‌ಡಾಗ್ ಎಂಬ ಕಾವಲುನಾಯಿ. ಅದಕ್ಕೂ ಕೆಲವು ಮೈಕ್ರೋಆಂಪಿಯರ್ ಹಾಕಬೇಕು, ಎಂಟು ಸೆಕೆಂಡಿಗಿಂತ ಹೆಚ್ಚು ಹೊತ್ತು ಸುಮ್ಮನಿರುವುದೂ ಅದಕ್ಕೆ ಗೊತ್ತಿಲ್ಲ. ಇಲ್ಲಿನ ಅಪಾಯದ ಮಟ್ಟ 71.262 ಮೀಟರ್, 1978ರ ದಾಖಲೆ 73.901, ಆದರೆ ಪ್ರವಾಹದಲ್ಲೂ ಗಂಗೆ ಏರುವುದು ಗಂಟೆಗಿಷ್ಟು ಸೆಂಟಿಮೀಟರ್ ಎಂಬ ಲೆಕ್ಕದಲ್ಲಿ. ಆದ್ದರಿಂದ ಬೊಗಳಿದಾಗಲೆಲ್ಲ ನೀರಿಗೆ ಇಳಿಯದೆ, 112 ಬೊಗಳುಗಳನ್ನು ಎಣಿಸುತ್ತ ಮಗ್ಗುಲು ಬದಲಿಸಿ, ಕಾಲು ಗಂಟೆಗೊಮ್ಮೆ ಅಳೆದರೆ ಸಾಕು.

ಪ್ರಶ್ನೆ: ದೀಪವನ್ನೇ ಕಿತ್ತರೆ ಪೆಟ್ಟಿಗೆ ಬದುಕಿದೆಯೆಂದು ತಪಾಸಣೆಗೆ ಬಂದ ಸಾಹೇಬರಿಗೆ ತಿಳಿಯುವುದು ಹೇಗೆ?

ಉತ್ತರ: ಅಳೆಯುವಾಗ ಕ್ಷಣಮಾತ್ರ ಮಿನುಗಿಸಬಹುದು. ಸಾಹೇಬರು ಕಾಲು ಗಂಟೆ ಮೆಟ್ಟಿಲ ಮೇಲೆ ಕೂರಬೇಕಾಗುತ್ತದೆ, ಅಷ್ಟೆ.