ಕಷ್ಟ ಬೇಕಾಗಿದೆ

ಅಕ್ಟೋಬರ್ ಬಂತೆಂದರೆ ಬೆಂಗಳೂರಿನ ಕೆಲವು ಬಡಾವಣೆಗಳ ಅಜ್ಜಿಯಂದಿರಿಗೆ ಗಂಡಾಂತರ. ಬಿಪಿ, ಶುಗರ್ ಎರಡೂ ಹತೋಟಿಯಲ್ಲಿದ್ದು, ಬೆಳಿಗ್ಗೆ ಪಾರ್ಕಿನಲ್ಲಿ ನಾಲ್ಕು ಸುತ್ತು ಹೊಡೆದು, ಸಂಜೆ ಧಾರಾವಾಹಿ ನೋಡಿಕೊಂಡು ಗಟ್ಟಿಮುಟ್ಟಾಗಿರುವ ಅಜ್ಜಿಯೂ ಈ ತಿಂಗಳಲ್ಲಿ ಮೊಮ್ಮಗನ ಲ್ಯಾಪ್‌ಟಾಪಿನೊಳಗೆ ಕೊನೆಯುಸಿರೆಳೆಯುವ ಸಂಭವ ಹೆಚ್ಚು. ಸಾಯುವ ಮುಂಚೆ ಆಕೆ ಮೊಮ್ಮಗನ ಕೈ ಹಿಡಿದು ಒಂದು ಮಾತು ಹೇಳುತ್ತಾಳೆ. ಆ ಮಾತು ಕೇಳಿದ್ದೇ ತಡ, ಅವನಿಗೆ ಕಂಪ್ಯೂಟರ್ ಸೈನ್ಸ್ ಓದಬೇಕೆಂದು ಜ್ಞಾನೋದಯವಾಗುತ್ತದೆ. ನವೆಂಬರ್ 1 ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳ ಮೊದಲ ಸುತ್ತಿನ ಅರ್ಜಿಗೆ ಕಡೇ ದಿನ. ಅದೊಂದು ದಾಟಿದರೆ ಅಜ್ಜಿಗೆ ಇನ್ನು ಭಯವಿಲ್ಲ, ಕಿರಿಯ ಮೊಮ್ಮಗಳು ಹನ್ನೆರಡನೇ ಕ್ಲಾಸಿಗೆ ಬರುವವರೆಗೆ.

ಅರ್ಜಿಯ ಹೆಸರು ಕಾಮನ್ ಆ್ಯಪ್. ಒಂದೇ ನಮೂನೆ ತುಂಬಿ ಇಪ್ಪತ್ತು ಕಾಲೇಜುಗಳವರೆಗೆ ಕಳಿಸಬಹುದು. ಅಂಕ, ಶಿಫಾರಸು ಪತ್ರ ಇತ್ಯಾದಿಗಳ ಜೊತೆಗೆ ಒಂದು ಖಾಲಿ ಚೌಕ ಬರುತ್ತದೆ: ನಿನ್ನ ಬಗ್ಗೆ ಬರೆ, 250 ಪದಕ್ಕೆ ಕಡಿಮೆಯಾಗದಂತೆ, 650 ಮೀರದಂತೆ. ಏಳು ಪ್ರಶ್ನೆ ಕೊಟ್ಟಿರುತ್ತಾರೆ. ಎದುರಾದ ಅಡ್ಡಿ ಅಥವಾ ಸೋಲು, ನೀನು ಪ್ರಶ್ನಿಸಿದ ನಂಬಿಕೆ, ಯಾರೋ ಮಾಡಿದ ಉಪಕಾರ, ನಿನ್ನನ್ನು ಬೆಳೆಸಿದ ಘಟನೆ, ಹೀಗೆ. ಏಳನೆಯದು ಬಲು ಉದಾರ: ನಿನಗೆ ಬೇಕಾದ ವಿಷಯದ ಮೇಲೆ ಬರೆ. ಕಷ್ಟಪಟ್ಟಿರಲೇಬೇಕು ಎಂದು ಅದರಲ್ಲಿ ಎಲ್ಲೂ ಹೇಳಿಲ್ಲ. ವರದಕ್ಷಿಣೆ ಬೇಕೆಂದು ಲಗ್ನಪತ್ರಿಕೆಯಲ್ಲೂ ಹೇಳಿರುವುದಿಲ್ಲ.

ಹೇಳದೇ ಇರುವುದನ್ನು ಅರ್ಥ ಮಾಡಿಸುವುದಕ್ಕೆಂದೇ ಕೌನ್ಸೆಲರ್‌ಗಳಿದ್ದಾರೆ. ಜಯನಗರದಲ್ಲೋ ಇಂದಿರಾನಗರದಲ್ಲೋ ಮಹಡಿ ಮೇಲೊಂದು ಎ.ಸಿ. ಕೋಣೆ. ಗೋಡೆಯ ತುಂಬ ಬಳ್ಳಿ ಹಬ್ಬಿದ ಇಟ್ಟಿಗೆ ಕಟ್ಟಡಗಳ ಚಿತ್ರ. ಈ ಕಡೆ ಅಪ್ಪ, ಅಮ್ಮ, ಮಗ. ಆ ಕಡೆ ಮೇಡಂ. ಮಾತುಕತೆ ಹೆಚ್ಚುಕಮ್ಮಿ ಹೀಗೆ ಸಾಗುತ್ತದೆ.

"ನಿನ್ನ ಲೈಫಲ್ಲಿ ಏನೇನಾಗಿದೆ, ಹೇಳು."

ಹುಡುಗ ಪ್ರಾಮಾಣಿಕವಾಗಿ ಯೋಚಿಸಿ, "ಏನೂ ಆಗಿಲ್ಲ ಮ್ಯಾಮ್" ಎಂದ.

ಅಮ್ಮನ ಮುಖ ಬಾಡಿತು. ಹದಿನೇಳು ವರ್ಷ ಮಗನಿಗೆ ಏನೂ ಆಗದ ಹಾಗೆ ನೋಡಿಕೊಂಡದ್ದೇ ಮುಳುವಾಯಿತಲ್ಲ!

"ಮನೇಲಿ ಯಾರಾದ್ರೂ ತೀರಿಕೊಂಡಿದ್ದು?"

"ಇಲ್ಲ ಮೇಡಂ, ದೇವರ ದಯೆ, ಎಲ್ಲಾರೂ ಚೆನ್ನಾಗಿದ್ದಾರೆ" ಎಂದು ಅಮ್ಮ ತಪ್ಪೊಪ್ಪಿಕೊಂಡರು.

"ನೀವು, ನಿಮ್ಮ ಯಜಮಾನರು..."

"ಜಗಳ ಆಡ್ತೀವಿ ಮೇಡಂ. ಆದ್ರೆ ಅಂಥಾದ್ದೇನಿಲ್ಲ."

"ಕಾಯಿಲೆ ಕಸಾಲೆ?"

"ಮೂರನೇ ಕ್ಲಾಸಲ್ಲಿ ಡೆಂಗಿ ಬಂದಿತ್ತು!" ಅಮ್ಮನಿಗೆ ಹೋದ ಜೀವ ಬಂದ ಹಾಗಾಯಿತು.

"ಪ್ಲೇಟ್‌ಲೆಟ್ ಎಷ್ಟಕ್ಕೆ ಇಳಿದಿತ್ತು?"

"ಎಂಬತ್ತು ಸಾವಿರ."

"ಇಪ್ಪತ್ತಕ್ಕೆ ಇಳಿದಿದ್ರೆ ಏನಾದ್ರೂ ಮಾಡಬಹುದಿತ್ತು" ಎಂದು ಮೇಡಂ ನಿಟ್ಟುಸಿರು ಬಿಟ್ಟರು.

ಅಪ್ಪ ಗಂಟಲು ಸರಿಮಾಡಿಕೊಂಡರು. "ನಮ್ಮ ತಂದೆಯವರು ಬಹಳ ಕಷ್ಟ ಪಟ್ಟವರು. ಹಾಸನದಲ್ಲಿ ಬೀದಿ ದೀಪದ ಕೆಳಗೆ ಓದಿದ್ರು."

"ಬೀದಿ ದೀಪ ಬೇಡ ಸಾರ್. ಈ ವರ್ಷ ಈಗಾಗ್ಲೇ ನನ್ನ ಹತ್ರ ನಾಲ್ಕು ಬೀದಿ ದೀಪ ಇದೆ." ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮೇಡಂ, "ಅಡುಗೆಗೆ ಯಾರಾದ್ರೂ ಬರ್ತಾರಾ?" ಎಂದರು.

"ಬರ್ತಾರೆ. ಮುಳಬಾಗಿಲ ಕಡೆಯವರು. ಗಂಡ ಇಲ್ಲ ಪಾಪ, ಮಗಳು ಊರಲ್ಲಿ ಅಜ್ಜಿ ಹತ್ರ ಇದ್ಕೊಂಡು..."

ಅಮ್ಮ ವಾಕ್ಯ ಮುಗಿಸುವಷ್ಟರಲ್ಲಿ ಮೇಡಂ ಪೆನ್ನು ಎತ್ತಿಕೊಂಡಾಗಿತ್ತು.

ಪ್ರಬಂಧ ಸೊಗಸಾಗಿ ಬಂತು. ಬಿರುಕು ಬಿಟ್ಟ ಅಂಗೈ, ಅಂಗೈಯಲ್ಲಿ ದುಂಡಗಾಗುವ ರಾಗಿಮುದ್ದೆ, ಮುದ್ದೆಯ ಹಬೆಯಲ್ಲಿ ಹುಡುಗನಿಗೆ ಕಂಡ ಶ್ರಮದ ಘನತೆ. ಆ ಮನೆಯಲ್ಲಿ ಮುದ್ದೆ ಮಾಡಿಸುವುದಿಲ್ಲ, ಎಣ್ಣೆ ಹಾಕದ ಚಪಾತಿ ಮಾಡಿಸುತ್ತಾರೆ. ಆದರೆ ಚಪಾತಿಯಲ್ಲಿ ಅಷ್ಟು ಘನತೆ ಹುಟ್ಟುವುದಿಲ್ಲ. ಹುಡುಗ ಅಲ್ಲಿಯವರೆಗೆ ಆಕೆಯ ಹೆಸರು ಕೇಳಿರಲಿಲ್ಲ, 'ಆಂಟಿ' ಎಂದರೆ ನಡೆಯುತ್ತಿತ್ತು. ಪ್ರಬಂಧಕ್ಕೆ ಬೇಕಾಯಿತೆಂದು ಕೇಳಿದ. ಅದೇ ತಿಂಗಳು ಆಕೆ ಸಂಬಳ ಐನೂರು ಜಾಸ್ತಿ ಮಾಡಿ ಎಂದು ಕೇಳಿದ್ದರು. ಯುಗಾದಿ ಕಳೆಯಲಿ, ನೋಡೋಣ ಎಂದರು ಮನೆಯವರು. ಕೌನ್ಸೆಲರ್ ಮೇಡಂ ಮಾತ್ರ ತಮ್ಮ ಫೀಸಿನ ಮೊದಲ ಕಂತನ್ನು ಮುಂಗಡವಾಗಿಯೇ ತೆಗೆದುಕೊಂಡಿದ್ದರು. ಅದು ಲಕ್ಷದ ಲೆಕ್ಕ.

ಆ ಅಡುಗೆಯವರ ಮಗಳೂ ಇದೇ ವರ್ಷ ಎರಡನೇ ಪಿಯುಸಿ ಎಂದಿಟ್ಟುಕೊಳ್ಳಿ. ಅವಳೂ ಅರ್ಜಿ ಹಾಕುತ್ತಾಳೆ, ಸಿಇಟಿಗೆ. ಅಲ್ಲೂ ಕಷ್ಟವನ್ನು ನಮೂದಿಸಬೇಕು, ಆದರೆ 650 ಪದ ಬೇಕಿಲ್ಲ. ನಾಡಕಚೇರಿಯ ಸರತಿಯಲ್ಲಿ ನಿಂತು ಜಾತಿ, ಆದಾಯ ಪ್ರಮಾಣಪತ್ರ ತಂದರೆ ಅದರ ಮೇಲೊಂದು ಆರ್‌ಡಿ ನಂಬರ್ ಇರುತ್ತದೆ. ಅದನ್ನು ತುಂಬಿದರೆ ಬಡತನ ಮುಗಿಯಿತು. ಗ್ರಾಮೀಣ ಶಾಲೆಯಲ್ಲಿ ಓದಿದ್ದಕ್ಕೆ ಬಿಇಒ ಮೇಲುರುಜು, ಕನ್ನಡ ಮಾಧ್ಯಮಕ್ಕೆ ಇನ್ನೊಂದು ಪತ್ರ. ಅಪ್ಪ ಸತ್ತಾಗ ನಿನಗೇನನ್ನಿಸಿತು, ಅದರಿಂದ ನೀನೇನು ಕಲಿತೆ ಎಂದು ತಹಶೀಲ್ದಾರರು ಕೇಳುವುದಿಲ್ಲ. ಎಂಜಿನಿಯರಿಂಗ್ ಬೇಕೆಂದರೆ ಪಿಯುಸಿಯದು ಅರ್ಧ, ಸಿಇಟಿಯದು ಅರ್ಧ, ಕೂಡಿ ಬಂದದ್ದು ರ್‍ಯಾಂಕ್. ನಮ್ಮ ಪರೀಕ್ಷೆಗಳ ಲೋಕವೇನು ಹರಿಶ್ಚಂದ್ರನ ಆಸ್ಥಾನವಲ್ಲ. ವೈದ್ಯಕೀಯ ಪ್ರವೇಶದ 2024ರ ನೀಟ್ ಫಲಿತಾಂಶ ಮೊದಲು ಬಂದಾಗ 67 ಮಂದಿಗೆ 720ಕ್ಕೆ 720 ಬಂದಿತ್ತೆಂಬುದನ್ನು ಯಾರೂ ಮರೆತಿಲ್ಲ. ಆದರೂ ಒಂದು ಮರ್ಯಾದೆ ಉಳಿದಿದೆ: ಆ ಹುಡುಗಿಯ ಕಷ್ಟ ಅವಳದೇ ಹೆಸರಿನಲ್ಲಿದೆ. ಅದೇ ಕಷ್ಟದ ಇಂಗ್ಲಿಷ್ ಆವೃತ್ತಿ ಜಯನಗರದ ಹುಡುಗನ ಹೆಸರಿನಲ್ಲಿ ಸಮುದ್ರ ದಾಟಿದೆ.

2019ರಲ್ಲಿ ಅಮೆರಿಕದಲ್ಲಿ ರಿಕ್ ಸಿಂಗರ್ ಎಂಬ ಪ್ರವೇಶ ಸಲಹೆಗಾರ ಸಿಕ್ಕಿಬಿದ್ದ. ಶ್ರೀಮಂತರ ಮಕ್ಕಳನ್ನು ಆಟಗಾರರೆಂದು ಸುಳ್ಳು ಹೇಳಿ ಕಾಲೇಜಿಗೆ ಸೇರಿಸುತ್ತಿದ್ದ. ಬೇರೆ ಕ್ರೀಡಾಪಟುಗಳ ದೇಹಕ್ಕೆ ಈ ಮಕ್ಕಳ ತಲೆ ಅಂಟಿಸಿದ ಫೋಟೊಗಳೂ ಆ ಪ್ರಕರಣದಲ್ಲಿ ಸಿಕ್ಕವು. ಅವನಿಗೆ ಮೂರೂವರೆ ವರ್ಷ ಜೈಲಾಯಿತು. ಬೇರೆಯವರ ದೇಹಕ್ಕೆ ತಲೆ ಅಂಟಿಸಿದರೆ ವಂಚನೆ. ಬೇರೆಯವರ ಬದುಕಿಗೆ ಹೆಸರು ಅಂಟಿಸಿದರೆ ಅದಕ್ಕೆ ಸಹಾನುಭೂತಿ ಎನ್ನುತ್ತಾರೆ, ಸ್ಕೋರು ಬರುತ್ತದೆ.

ಮೇಡಂ ಬೀದಿ ದೀಪಕ್ಕೆ ಹೆದರಿದ್ದು ಸುಮ್ಮನೆ ಅಲ್ಲ. ಬ್ರಿಟನ್ನಿನಲ್ಲಿ ಪದವಿ ಪ್ರವೇಶದ ಅರ್ಜಿಗಳು ಬಹುತೇಕ ಯುಕಾಸ್ ಎಂಬ ಒಂದೇ ಸಂಸ್ಥೆಗೆ ಹೋಗುತ್ತವೆ. 2007ರಲ್ಲಿ ಅಲ್ಲಿ 50,000 ಅರ್ಜಿಗಳ ಸ್ವವಿವರಣೆಯನ್ನು ಕಂಪ್ಯೂಟರಿಗೆ ಕೊಟ್ಟು ಜಾಲಾಡಿಸಿದರು. 234 ಮಂದಿ ತಮ್ಮ ಎಂಟನೇ ಹುಟ್ಟುಹಬ್ಬದಂದು ರಸಾಯನಶಾಸ್ತ್ರದ ಆಟಿಕೆ ಪೆಟ್ಟಿಗೆಯಿಂದ ಪ್ರಯೋಗ ಮಾಡಲು ಹೋಗಿ ಪೈಜಾಮ ತೂತು ಬೀಳುವಂತೆ ಸುಟ್ಟುಕೊಂಡಿದ್ದರು. ವಿಜ್ಞಾನದ ಮೇಲೆ ಪ್ರೀತಿ ಹುಟ್ಟಿದ್ದು ಆ ತೂತಿನಿಂದಲೇ. 175 ಮಂದಿಗೆ ಹಣ್ಣುಹಣ್ಣಾದ ಅಥವಾ ಹಾಸಿಗೆ ಹಿಡಿದ ಅಜ್ಜ ಇದ್ದ. ಇಂಟರ್‌ನೆಟ್ಟಿನಲ್ಲಿ ಯಾರದೋ ಮಾದರಿ ಪ್ರಬಂಧ ಸಿಕ್ಕಿತ್ತು, ಇಳಿಸಿಕೊಂಡಿದ್ದರು. ಕದ್ದವರನ್ನು ಬಿಡಿ. ನನಗೆ ಅಯ್ಯೋ ಅನ್ನಿಸುವುದು ನಿಜವಾಗಿ ಪೈಜಾಮ ಸುಟ್ಟುಕೊಂಡ ಆ ಮೊದಲಿನವನನ್ನು ನೆನೆದರೆ. ಅವನು ಎಲ್ಲಿದ್ದರೂ ಈಗ ಯಾರೂ ನಂಬುವುದಿಲ್ಲ.

ನಮ್ಮ ಎಸ್ಸೆಸ್ಸೆಲ್ಸಿ ಕನ್ನಡ ಪತ್ರಿಕೆಯ ಪ್ರಬಂಧವನ್ನು ಕಂಡರೆ ಇಂಟರ್‌ನ್ಯಾಷನಲ್ ಶಾಲೆಯವರಿಗೆ ತಾತ್ಸಾರ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಗೈಡಿನಿಂದ ಉರು ಹೊಡೆದ 'ಗ್ರಂಥಾಲಯದ ಮಹತ್ವ'. ಇವರದ್ದೂ ಗೈಡೇ. ಮೊದಲ ವಾಕ್ಯದಲ್ಲಿ ಒಂದು ಸದ್ದು ಅಥವಾ ವಾಸನೆ ಬರಬೇಕು, ಭಾರತದ ಮಕ್ಕಳಾದರೆ ಸಾಸಿವೆ ಸಿಡಿಯುವುದು ಶ್ರೇಷ್ಠ. ಎರಡನೇ ಪ್ಯಾರಾದಲ್ಲಿ ಎಡವಬೇಕು, ಮೂರನೆಯದರಲ್ಲಿ ಒಬ್ಬ ಬಡವ ಅರಿಯದೆ ಒಂದು ದೊಡ್ಡ ಮಾತಾಡಬೇಕು, ಕೊನೆಯಲ್ಲಿ ಮತ್ತೆ ಸಾಸಿವೆ ಸಿಡಿಯಬೇಕು, ಈ ಸಲ ಬೇರೆ ಅರ್ಥದಲ್ಲಿ. 'ಸ್ವಲ್ಪ ಅಡ್ಜಸ್ಟ್ ಮಾಡಿ' ಬಿಟ್ಟರೆ ಕನ್ನಡದಲ್ಲಿ ಇನ್ನೊಂದು ವಾಕ್ಯ ಬಾರದ ಮಗು ಮಾತೃಭಾಷೆ ಕಳೆದುಕೊಂಡ ನೋವಿನ ಬಗ್ಗೆ 648 ಪದ ಬರೆದು ಅಮ್ಮನನ್ನು ಅಳಿಸುತ್ತದೆ. ಅಮ್ಮ ಅಳುವುದೂ ಇಂಗ್ಲಿಷಿನಲ್ಲಿ. ಎ.ಎನ್. ಮೂರ್ತಿರಾಯರ 'ಹಗಲುಗನಸುಗಳು' ಇಂಥವರ ಮುಂದೆ ಬಂದರೆ ಮೊದಲ ಸುತ್ತಿನಲ್ಲೇ ಗೇಟ್‌ಪಾಸ್: ಶೈಲಿ ಚೆನ್ನಾಗಿದೆ, ಆದರೆ ಅಭ್ಯರ್ಥಿ ಎಲ್ಲೂ ನರಳಿಲ್ಲ.

ಪ್ರಬಂಧದ ಜೊತೆಗೆ ಚಟುವಟಿಕೆಗಳ ಪಟ್ಟಿಯೂ ಇದೆ. ಹತ್ತು ಚಟುವಟಿಕೆ, ಒಂದೊಂದರ ವಿವರಕ್ಕೆ 150 ಅಕ್ಷರ. ಈ 150 ಅಕ್ಷರಗಳಿಗಾಗಿ ಬೆಂಗಳೂರಿನಲ್ಲಿ ಹುಟ್ಟಿರುವ ಸೇವಾಸಂಸ್ಥೆಗಳನ್ನು ಎಣಿಸಹೋದರೆ ನಮ್ಮದು ಪುಣ್ಯಭೂಮಿಯೆಂಬುದರಲ್ಲಿ ಅನುಮಾನ ಉಳಿಯದು. ಹನ್ನೊಂದನೇ ತರಗತಿಯ ಸ್ಥಾಪಕ ಅಧ್ಯಕ್ಷ, ಖಜಾಂಚಿ ಅಪ್ಪ, ಸ್ವಯಂಸೇವಕ ಡ್ರೈವರ್. ಡ್ರೈವರ್ ಕೆರೆಗೆ ಇಳಿದು ಪ್ಲಾಸ್ಟಿಕ್ ಎತ್ತುತ್ತಾನೆ, ಅಧ್ಯಕ್ಷರು ಏರಿಯ ಮೇಲೆ ಕೈಗವಸು ತೊಟ್ಟು ಫೋಟೊಗೆ ನಿಲ್ಲುತ್ತಾರೆ. ಬೆಳ್ಳಂದೂರು ಕೆರೆ ನೊರೆ ಉಕ್ಕಿಸಿ, ಬೆಂಕಿ ಹತ್ತಿಸಿಕೊಂಡು ಜಗತ್ಪ್ರಸಿದ್ಧವಾದ ಮೇಲೆ ಅದು ಕಾಗದದಲ್ಲಿ ಶುದ್ಧವಾಗುತ್ತಲೇ ಇದೆ. ಪುಣ್ಯದಲ್ಲಿ ಸರ್ಕಾರಕ್ಕೂ ಹನ್ನೊಂದನೇ ತರಗತಿಗೂ ಸಮಪಾಲು. ಅರ್ಜಿ ಹೋದ ಮಾರನೇ ದಿನ ಸಂಸ್ಥೆ ಬರಖಾಸ್ತು. ಕೆರೆ ಅಲ್ಲೇ ಇರುತ್ತದೆ, ಇನ್ನೊಬ್ಬ ಅಧ್ಯಕ್ಷರಿಗೆ ಕಾಯುತ್ತ.

ಅಂಕ ಇದ್ದಮೇಲೂ ಈ ಗುಣಶೋಧನೆ ಏಕೆ ಎಂದು ಕೇಳಿದರೆ, ಅಂಕ ಮಾತ್ರ ನೋಡಿದರೆ ಬೇಡದವರು ಬಂದುಬಿಡುತ್ತಾರೆ ಎಂಬ ಭಯದಲ್ಲಿ ಇದರ ಮೂಲವಿದೆ. 1922ರ ಹೊತ್ತಿಗೆ ಹಾರ್ವರ್ಡ್‌ಗೆ ಹೊಸದಾಗಿ ಸೇರುತ್ತಿದ್ದವರಲ್ಲಿ ಐದರಲ್ಲೊಬ್ಬರಿಗಿಂತ ಹೆಚ್ಚು ಮಂದಿ ಯಹೂದಿಗಳು. ವಲಸೆ ಬಂದವರ ಮಕ್ಕಳು, ಓದಿ ಪಾಸಾಗಿ ಬಂದವರು. ಅಧ್ಯಕ್ಷರಾಗಿದ್ದ ಲಾರೆನ್ಸ್ ಲೋವೆಲ್ ಅವರಿಗೆ ಇದನ್ನು ಸಹಿಸಲಾಗಲಿಲ್ಲ. ನೇರವಾಗಿ ಮಿತಿ ಹಾಕೋಣವೆಂದರು, ಅಧ್ಯಾಪಕರು ಒಪ್ಪಲಿಲ್ಲ. ಆಗ ಬಂತು 'ಚಾರಿತ್ರ್ಯ'. ಅರ್ಜಿಗೆ ಫೋಟೊ ಅಂಟಿಸಿ. ನಿಮ್ಮದಾಗಲಿ ತಂದೆಯದಾಗಲಿ ಹೆಸರು ಬದಲಾಗಿದ್ದರೆ ತಿಳಿಸಿ. ವ್ಯಕ್ತಿತ್ವದ ಬಗ್ಗೆ ಬಲ್ಲವರಿಂದ ಪತ್ರ ತನ್ನಿ. ನಿಮ್ಮ ಬಗ್ಗೆ ನೀವೇ ಬರೆಯಿರಿ. ಸಮಾಜಶಾಸ್ತ್ರಜ್ಞ ಜೆರೋಮ್ ಕಾರಬೆಲ್ 2005ರಲ್ಲಿ ಇದನ್ನೆಲ್ಲ ದಾಖಲೆ ಸಮೇತ ದಪ್ಪ ಪುಸ್ತಕವಾಗಿ ಬರೆದಿದ್ದಾರೆ. ಮೂಗು ನೋಡಿ ತಿರಸ್ಕರಿಸಿದರೆ ಜನ ಬೈಯುತ್ತಾರೆ, ಗುಣ ನೋಡಿ ತಿರಸ್ಕರಿಸಿದರೆ ಯಾರೂ ಕೇಳುವುದಿಲ್ಲ.

ಹೆಚ್ಚುಕಮ್ಮಿ ನೂರು ವರ್ಷದ ಮೇಲೆ ಅದೇ ಹಾರ್ವರ್ಡನ್ನು ಕೋರ್ಟಿಗೆಳೆದಾಗ, ಏಷ್ಯಾ ಮೂಲದ ಅಮೆರಿಕನ್ನರಿಗೆ ಓದಿನ ಅಂಕ ಹೆಚ್ಚಿದ್ದೂ 'ವ್ಯಕ್ತಿತ್ವ'ದ ಅಂಕ ಸರಾಸರಿಯಲ್ಲಿ ಕಡಿಮೆ ಬೀಳುತ್ತಿತ್ತೆಂಬ ಲೆಕ್ಕ ಹೊರಬಿತ್ತು. 2023ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಜನಾಂಗ ನೋಡಿ ಸೀಟು ಕೊಡಬೇಡಿ ಎಂದಿತು. ಆದರೆ ಜನಾಂಗದಿಂದ ತನ್ನ ಬದುಕಿನ ಮೇಲಾದ ಪರಿಣಾಮವನ್ನು ಅಭ್ಯರ್ಥಿ ಪ್ರಬಂಧದಲ್ಲಿ ಬರೆದರೆ ನೋಡಬಹುದು ಎಂದೂ ಸೇರಿಸಿತು. ಮುಂಬಾಗಿಲಿಗೆ ಬೀಗ, ಹಿತ್ತಲ ಬಾಗಿಲ ಅಳತೆ 650 ಪದ. ಮಕ್ಕಳ ಗಾಯದ ಬೆಲೆ ಏರಿದ್ದರಲ್ಲಿ ಏನಾಶ್ಚರ್ಯ?

1913ರ ಜನವರಿಯಲ್ಲಿ ಮದ್ರಾಸಿನ ಬಂದರು ಕಚೇರಿಯ ಒಬ್ಬ ಗುಮಾಸ್ತ ಕೇಂಬ್ರಿಡ್ಜಿನ ಗಣಿತಜ್ಞ ಹಾರ್ಡಿಗೆ ಪತ್ರ ಬರೆದಿದ್ದ. ತಾನು ಗುಮಾಸ್ತ, ಸಂಬಳ ಇಷ್ಟು, ವಿಶ್ವವಿದ್ಯಾಲಯದ ಶಿಕ್ಷಣವಿಲ್ಲ ಎಂದು ನಾಲ್ಕು ಸಾಲಿನಲ್ಲಿ ತನ್ನ ವಿಷಯ ಮುಗಿಸಿ, ಉಳಿದ ಹಾಳೆಗಳ ತುಂಬ ಪ್ರಮೇಯ ತುಂಬಿದ್ದ. ಹಾರ್ಡಿ ಓದಿದ್ದು ಪ್ರಮೇಯಗಳನ್ನು. ಕಾಲೇಜಿನಲ್ಲಿ ನಪಾಸಾಗಿದ್ದು, ಹೊಟ್ಟೆಗಿಲ್ಲದೆ ಒದ್ದಾಡಿದ್ದು, ಇಷ್ಟೊಂದು ಬಂಗಾರದಂಥ ಕಷ್ಟವನ್ನು ಆ ಪತ್ರದಲ್ಲಿ ಪೋಲು ಮಾಡಿದ ರಾಮಾನುಜನ್ ಈಗಿನ ಯಾವ ಕೌನ್ಸೆಲರ್ ಕೈಗೆ ಸಿಕ್ಕಿದ್ದರೂ ಚೆನ್ನಾಗಿ ಬೈಸಿಕೊಳ್ಳುತ್ತಿದ್ದರು.

ಈಗ ಚಾಟ್‌ಜಿಪಿಟಿ ಬಂದು ಉದ್ಯಮಕ್ಕೆ ಹೊಸ ತಲೆನೋವು. ಅಜ್ಜಿಯನ್ನು ಕೊಲ್ಲಲು ಮನುಷ್ಯರಿಗೆ ಮೂರು ವಾರ ಹಿಡಿಯುತ್ತಿತ್ತು, ಯಂತ್ರ ಮೂರು ಸೆಕೆಂಡಿನಲ್ಲಿ ಮುಗಿಸುತ್ತದೆ, ಅಂತ್ಯಕ್ರಿಯೆ ಸಮೇತ. ಹಾಗಾಗಿ ಯಂತ್ರ ಬರೆದದ್ದಕ್ಕೆ ಮನುಷ್ಯನ ತಪ್ಪು ಬೆರೆಸಿಕೊಡುವುದಕ್ಕೆ ಬೇರೆ ಫೀಸು. ಡ್ಯೂಕ್ ವಿಶ್ವವಿದ್ಯಾಲಯದವರು 2024ರಲ್ಲಿ, ಇನ್ನು ಪ್ರಬಂಧಕ್ಕೆ ಅಂಕ ಕೊಡುವುದಿಲ್ಲ, ಓದುತ್ತೇವೆ ಅಷ್ಟೆ ಎಂದುಬಿಟ್ಟರು. ಬರೆದದ್ದು ಮಗುವೋ, ಮೇಡಮ್ಮೋ, ಯಂತ್ರವೋ ಹೇಳಲಾಗದು ಎಂದು ಒಪ್ಪಿಕೊಳ್ಳಲು ಅವರಿಗೂ ಇಷ್ಟು ವರ್ಷ ಬೇಕಾಯಿತು.

ಇಷ್ಟೆಲ್ಲ ಬರೆಸಿ, ಒಂಬತ್ತು ಸಲ ತಿದ್ದಿಸಿ, ಹುಡುಗನಿಗೆ ಸೀಟು ಸಿಕ್ಕಿತೆಂದೇ ಇಟ್ಟುಕೊಳ್ಳಿ. ಬೆರಳೆಣಿಕೆಯ ಕೆಲವನ್ನು ಬಿಟ್ಟರೆ ಉಳಿದವುಗಳಲ್ಲಿ ಬಹಳಷ್ಟು ವಿಶ್ವವಿದ್ಯಾಲಯಗಳು ವಿದೇಶಿ ವಿದ್ಯಾರ್ಥಿಯ ಅರ್ಜಿ ತೂಗುವಾಗ ಅವನು ಹಣಸಹಾಯ ಕೇಳಿದ್ದಾನೋ ಇಲ್ಲವೋ ಎಂಬುದನ್ನೂ ನೋಡುತ್ತವೆ. ನೋಡುತ್ತೇವೆಂದು ಹೇಳಿಕೊಂಡೂ ಇವೆ. ಅಲ್ಲಿನ ಹೆಸರಾಂತ ಖಾಸಗಿ ಕಾಲೇಜುಗಳಲ್ಲಿ ವರ್ಷದ ಖರ್ಚು 80,000 ಡಾಲರ್ ದಾಟುತ್ತದೆ, ನಮ್ಮ ಲೆಕ್ಕದಲ್ಲಿ 70 ಲಕ್ಷದ ಸುಮಾರು. ವೀಸಾಗೆ ಬೇಕಾದ ಐ-20 ಕೊಡುವ ಮೊದಲು ಕಾಲೇಜು ಇನ್ನೊಂದು ಪತ್ರ ಕೇಳುತ್ತದೆ. ಅದನ್ನು ಬರೆಯುವವರು ಬ್ಯಾಂಕ್ ಮ್ಯಾನೇಜರ್. ಒಂದೇ ಪುಟ, ಅಪ್ಪನ ಹೆಸರು, ಖಾತೆಯಲ್ಲಿರುವ ಮೊತ್ತ, ಸಹಿ, ಮೊಹರು. ಪೂರ್ತಿ ವಿದ್ಯಾರ್ಥಿವೇತನ ಸಿಕ್ಕ ನಾಲ್ಕು ಮಂದಿಯ ಮಾತು ಬೇರೆ, ಉಳಿದವರಿಗೆ ಇಂಥದೊಂದು ಪತ್ರವಿಲ್ಲದೆ ಐ-20 ಬರುವುದಿಲ್ಲ.